ಅವ್ವ ತಿರುಗಿಸಿದ ಫ್ಯಾನು

“ಜಗದೇವಪ್ಪನವರ, ನಿಮ್ಮ ಡಿಸ್ಕ್ ಮತ್ತ ಮಾಯ ಆಗ್ಯಾವ್ರಿ.”

ಫೋನಿನಲ್ಲಿ ಮಂಜುಷಾ ಅವರ ಮಾತು ಕೇಳಿ ನನ್ನ ಸಿಟ್ಟು ನೆತ್ತಿಗೇರಿತು. “ನೀವ ಏನರೆ ಒತ್ತಿರ್ತೀರಿ!”

“ಒತ್ತಲಾಕ ಕೈ ಎಲ್ಲಿ ಖಾಲಿ ಅದರಿ? ಪುಸ್ತಕ ಹಿಡಿದಿರ್ತೀನಿ.”

ಮಂಜುಷಾ ಜೇವರ್ಗಿ ಕಾಲೋನಿಯ ತಮ್ಮ ಮನೆಯ ಒಂದು ಕೋಣೆಯಲ್ಲಿ ಕೂತು, ಕಣ್ಣು ಕಾಣದ ಮಕ್ಕಳಿಗಾಗಿ ಪಾಠ ಓದಿ ರೆಕಾರ್ಡ್ ಮಾಡುತ್ತಾರೆ. ಅವನ್ನೆಲ್ಲ ಇಡಲು ಹೊಸ ಸರ್ವರ್ ಜೋಡಿಸಿಕೊಟ್ಟವನು ನಾನು. ಸೂಪರ್ ಮಾರ್ಕೆಟ್ ಬಜಾರಿನಲ್ಲಿ ನನ್ನದು ಕಂಪ್ಯೂಟರ್ ಅಂಗಡಿ. ನನಗೆ ನಲವತ್ತಮೂರು, ಅವರಿಗೆ ನಲವತ್ತು. ಇಬ್ಬರದೂ ಮದುವೆಯಾಗಿಲ್ಲ. ಹೆಣ್ಣು ನೋಡಲು ಹೋದಲ್ಲೆಲ್ಲ ಚಹಾ ಬರುವ ಮೊದಲೇ ಜಗಳ ತೆಗೆದು ಎದ್ದು ಬಂದವನು ನಾನು. ಅವರದ್ಯಾಕೆ ಆಗಲಿಲ್ಲವೋ, ಕೇಳುವ ಧೈರ್ಯ ನನಗಿರಲಿಲ್ಲ.

ಸರ್ವರಿನಲ್ಲಿ ನಾಲ್ಕು ಡಿಸ್ಕ್, ಅವನ್ನು ನಡೆಸಲು ಒಂದು ಕಂಟ್ರೋಲರ್ ಕಾರ್ಡ್. ಅರ್ಧ ಗಂಟೆ ನೆಟ್ಟಗೆ ನಡೆದು ನಾಲ್ಕೂ ಒಮ್ಮೆಲೇ ಕಾಣೆಯಾಗುತ್ತಿದ್ದವು. ಕೇಬಲ್ ಬದಲಿಸಿದೆ, ಪವರ್ ಸಪ್ಲೈ ಬದಲಿಸಿದೆ, ಕಾರ್ಡನ್ನೇ ಬದಲಿಸಿದೆ. ಹೋದಾಗಲೆಲ್ಲ ಡಿಸ್ಕಿಗೆ, ಕಂಪನಿಗೆ, ಕರೆಂಟಿಗೆ ಬೈದೆ.

“ಎಲ್ಲಾರಿಗೂ ಬೈದ್ರಿ? ಈಗ ಚಹಾ ಕುಡೀರಿ,” ಎಂದು ಅವರು ಕನ್ನಡಕದ ಮೇಲಿಂದ ನೋಡುತ್ತಿದ್ದರು. ಆ ನೋಟಕ್ಕೆ ಕೈಯೊಳಗಿನ ಸ್ಕ್ರೂ ಜಾರುತ್ತಿತ್ತು. ಹುಡುಕುವ ನೆಪದಲ್ಲಿ ಇನ್ನಷ್ಟು ಹೊತ್ತು ಕೂರುತ್ತಿದ್ದೆ.

ಈ ಸಲ ಫೋನಿನಲ್ಲಿ ಚಹಾದ ಮಾತಿಲ್ಲ. “ಮಕ್ಕಳ ಪರೀಕ್ಷಾ ಹತ್ರ ಬಂದಾವ್ರಿ. ರವಿವಾರದೊಳಗ ಆಗಲಿಲ್ಲಂದ್ರ ಬ್ಯಾರೆಯವರಿಗೆ ಕೊಡ್ತೀನಿ.”

ಬ್ಯಾರೆಯವರಂತೆ! ಆ ಕೋಣೆಯಲ್ಲಿ ಬೇರೆ ಯಾರೋ ಕೂತು ಚಹಾ ಕುಡಿಯುವುದನ್ನು ನೆನೆದು ನನಗೆ ಊಟ ಸೇರಲಿಲ್ಲ.

ಸರ್ವರಿನ ಪೆಟ್ಟಿಗೆಯನ್ನು ಕಮಲಾಪುರದ ನಮ್ಮ ಮನೆಗೆ ಒಯ್ದೆ. ಪಡಸಾಲೆಯಲ್ಲಿ ಅದರ ಮಗ್ಗುಲು ಬಿಚ್ಚಿಟ್ಟು, ಸೆಕೆಗೆ ಟೇಬಲ್ ಫ್ಯಾನ್ ಹಚ್ಚಿಕೊಂಡು ಪೆಟ್ಟಿಗೆಯ ಪಕ್ಕದಲ್ಲೇ ಕೂತೆ. ಎರಡು ದಿನ ಡಿಸ್ಕ್ ಒಮ್ಮೆಯೂ ಮಾಯವಾಗಲಿಲ್ಲ! ಫೋನ್ ಮಾಡಿ ಬಡಾಯಿ ಕೊಚ್ಚಿದೆ.

“ನೋಡಲಾರ್ದ ನಂಬಂಗಿಲ್ರಿ,” ಎಂದವರು ರವಿವಾರ ಮಧ್ಯಾಹ್ನ ಬಸ್ಸು ಹತ್ತಿ ಬಂದೇಬಿಟ್ಟರು.

ಬಿಸಿಲಿಗೆ ಮುಖ ಕೆಂಪಾಗಿತ್ತು. ನನ್ನ ಅವ್ವ ಕಸ್ತೂರಿಬಾಯಿ ನೀರು ಕೊಟ್ಟಳು, ಕೆಂಪು ಬಾಳೆಹಣ್ಣು ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು. “ಬಿಸಲಾಗ ಬಂದಾಳ ಹೆಣ್ಮಗಳು, ನೀ ಆ ಡಬ್ಬಿಗಿ ಗಾಳಿ ಹೊಡ್ಯಾಕತ್ತೀದಿ! ಬುದ್ಧಿ ಅದನೋ ಇಲ್ಲೋ?”

ಫ್ಯಾನನ್ನು ಅವರ ಕಡೆ ತಿರುಗಿಸಿದಳು. ಅವರ ಹಣೆಯ ಮೇಲಿನ ಕೂದಲು ಹಾರಿತು. ನಾನು ನೋಡುತ್ತ ಕೂತೆ.

“ಡಿಸ್ಕ್ ಆ ಕಡೆ ಅದಾವ್ರಿ,” ಎಂದರು ಮಂಜುಷಾ, ನಗು ತಡೆದುಕೊಂಡು.

ಇಪ್ಪತ್ತು ನಿಮಿಷಕ್ಕೆ ಆ ಕಡೆಯ ನಾಲ್ಕೂ ಡಿಸ್ಕ್ ಮಾಯ.

ಬೈಯಲು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು. ಫ್ಯಾನ್ ನೋಡಿದರು, ಪೆಟ್ಟಿಗೆ ನೋಡಿದರು. ಎದ್ದು ಬಂದು ಕಾರ್ಡಿನ ಮೇಲೆ ಬೆರಳಿಟ್ಟು ಚಟ್ಟನೆ ತೆಗೆದರು. “ಅಯ್ಯ, ಕಾದ ಹಂಚಾಗ್ಯದ! ಇದಕ್ಕ ಒಳಗ ಫ್ಯಾನ್ ಇರಂಗಿಲ್ಲೇನ್ರಿ?”

“ಇತ್ತು.”

“ಎಲ್ಲಿ ಹೋತು?”

“ನಾನ ತೆಗದೀನಿ.”

“ಯಾಕ?”

ನನ್ನ ದನಿ ತಾನಾಗಿಯೇ ಇಳಿಯಿತು. “ಅದು ಗುಂಯ್ ಅಂತಿತ್ರಿ. ನೀವು ಓದೂ ಮುಂದ ನಿಮ್ಮ ದನಿಯೊಳಗ ಅದರ ಸಪ್ಪಳ ಸೇರಬಾರದಂತ ತೆಗದೆ. ನನ್ನಂಥಾಂವನೂ ಬಾಯಿ ಮುಚ್ಚಿ ಕೇಳೂ ದನಿ ಅದು. ಜಗತ್ತಿಗೆಲ್ಲ ಬೈದೆ, ತಪ್ಪು ನಂದ. ಬೇಕಾದ್ರ ಬ್ಯಾರೆಯವರಿಗೆ ಕೊಡ್ರಿ. ಆದ್ರ ನೀವಂದ್ರ ನನಗ ಜೀವ. ಹೇಳಿಬಿಟ್ಟೆ.”

ಅಡುಗೆಮನೆಗೆ ಹೋಗಿದ್ದ ಅವ್ವನ ಪಾತ್ರೆಗಳ ಸಪ್ಪಳ ನಿಂತಿತು.

ಮಂಜುಷಾ ಬಾಳೆಹಣ್ಣು ಸುಲಿದರು. ಅಷ್ಟು ನಿಧಾನಕ್ಕೆ ಯಾರೂ ಸುಲಿಯುವುದಿಲ್ಲ.

“ಒಳಗಿನ ಫ್ಯಾನ್ ತಿರುಗಿ ಹಾಕ್ರಿ.”

“ಸಪ್ಪಳ ಬರ್ತದಲ್ರಿ?”

“ಉದ್ದಂದು ಕೇಬಲ್ ಹಾಕಿ ಡಬ್ಬಿ ಆಚಿ ಕೋಣ್ಯಾಗ ಇಡ್ರಿ.” ಕನ್ನಡಕದ ಮೇಲಿಂದ ಅದೇ ನೋಟ. “ನಾ ಓದೂತನಾ ನೀವು ಈಚಿ ಕೂಡ್ರಿ. ಯಾರಿಗೂ ಬೈಲಾರ್ದ ಕೂಡೂದಾದ್ರ.”

“ಎಷ್ಟು ದಿನರಿ?”

ಅರ್ಧ ಹಣ್ಣು ಮುರಿದು ನನ್ನ ಕೈಗಿಟ್ಟರು.

“ಓದೂ ಪುಸ್ತಕ ಭಾಳ ಅದಾವ್ರಿ.”