ಬಾಗಿಲು ತೆಗೆದಿಟ್ಟಿರ್ತೀನಿ

"ಬಾಗಿಲು ತೆಗೀರಿ! ಒಳಗೆ ಯಾರಾದ್ರೂ ಇದ್ದೀರಾ? ತೆಗೀರಿ ಅಂದೆ!"

ಕ್ಯಾಥ್ ಲ್ಯಾಬಿನ ಬಾಗಿಲನ್ನು ಅವಳು ಅಂಗೈಯಿಂದ ಬಡಿಯುತ್ತಿದ್ದಳು. ಬೆನ್ನ ಹಿಂದೆ ಟ್ರಾಲಿಯ ಮೇಲೆ ಶಾಲಾ ಬಸ್ಸಿನ ಡ್ರೈವರ್ ಎದೆ ಹಿಡಿದುಕೊಂಡು, ಬೆವರಿನಲ್ಲಿ ತೊಯ್ದು ಮಲಗಿದ್ದ. ಅವನ ಹೃದಯಕ್ಕೆ ರಕ್ತ ಒಯ್ಯುವ ಮುಖ್ಯ ನಾಳವೇ ಕಟ್ಟಿಕೊಂಡಿತ್ತು. ಅದನ್ನು ತೆರೆಯುವ ಕೋಣೆ ಇದೊಂದೇ. ಅದಕ್ಕೆ ಬೀಗ!

ಅವಳು ಆ ಆಸ್ಪತ್ರೆಯ ಎಮರ್ಜೆನ್ಸಿ ವಿಭಾಗದ ಡಾಕ್ಟರ್. ಕೋಪ ಸದಾ ಮೂಗಿನ ತುದಿಯಲ್ಲೇ. ನರ್ಸ್‌ಗಳು ಬೆನ್ನ ಹಿಂದೆ ಇಟ್ಟಿದ್ದ ಹೆಸರು ಪಟಾಕಿ.

ಕಾರಿಡಾರಿನ ಆ ತುದಿಯಿಂದ ಒಬ್ಬ ಓಡಿ ಬಂದ. ಕೈಯಲ್ಲಿ ಬೀಗದ ಕೈ.

"ಯಾರ್ರೀ ನೀವು?"

"ಹೊಸ ಹಾರ್ಟ್ ಡಾಕ್ಟರ್. ಇವತ್ತೇ ಸೇರಿದ್ದು."

"ಇವತ್ತೇ ಸೇರಿ ಇವತ್ತೇ ಲೇಟಾ? ನಾನು ಹೇಳಿ ಕಳ್ಸಿ ಎಷ್ಟೊತ್ತಾಯ್ತು!"

"ನನಗೆ ಫೋನ್ ಬಂದಿದ್ದೇ ಈಗ."

ಅವನು ಮತ್ತೆ ಮಾತು ಬೆಳೆಸಲಿಲ್ಲ. ಬೀಗ ತೆಗೆದ. ಟ್ರಾಲಿಯನ್ನು ತಾನೇ ಒಳಗೆ ತಳ್ಳಿದ.

ಅವನು ಹೇಳಿದ್ದು ಸುಳ್ಳಲ್ಲ. ಅವಳು ಆಪರೇಟರ್‌ಗೆ ಹೇಳಿದ್ದಳು, ಆಪರೇಟರ್ ಆಫೀಸಿಗೆ, ಆಫೀಸಿನವರು ಸೂಪರಿಂಟೆಂಡೆಂಟರ ಒಪ್ಪಿಗೆಗೆ... ಅವರೋ ರೌಂಡ್ಸ್‌ನಲ್ಲಿದ್ದರು. ಅಷ್ಟು ಹೊತ್ತೂ ರಕ್ತವಿಲ್ಲದೆ ಒಂದು ಹೃದಯ ಒಳಗೊಳಗೇ ಸಾಯುತ್ತಿತ್ತು.

ಡ್ರೈವರ್ ಬದುಕಿದ. ಆದರೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು.

"ಮೇಡಂ, ಇವ್ರು ಮತ್ತೆ ಬಸ್ ಓಡಿಸ್ತಾರಾ?" ಎಂದು ಅವನ ಹೆಂಡತಿ ಕೇಳಿದಾಗ ಅವಳು ಅಲ್ಲಿ ನಿಲ್ಲಲಾರದೆ ಹೊರಟಳು. ನೇರ ಮೆಟ್ಟಿಲ ಬಳಿ ಹೋಗಿ ಗೋಡೆಗೆ ಜಾಡಿಸಿ ಒದ್ದಳು.

"ಗೋಡೆಗೇನೂ ಆಗಲ್ಲ, ಕಾಲು ಮುರಿಯುತ್ತೆ" ಎಂದಿತು ಮೇಲಿನಿಂದ ಒಂದು ದನಿ.

ಅವನೇ! ಮೇಲಿನ ಮೆಟ್ಟಿಲ ಮೇಲೆ, ಅವಳಷ್ಟೇ ಬಾಡಿದ ಮುಖ ಹೊತ್ತು ಕೂತಿದ್ದ.

'ಅಂದರೆ ಇವನಿಗೂ ಉರಿಯುತ್ತಿದೆ...' ಮೊದಲ ಸಲ ಅವಳಿಗೆ ಅವನ ಮೇಲಿನ ಕೋಪ ಇಳಿಯಿತು.

ಅಂದಿನಿಂದ ಡ್ಯೂಟಿ ಮುಗಿದ ಮೇಲೆ ಇಬ್ಬರೂ ಕ್ಯಾಂಟೀನಿನಲ್ಲಿ ಕೂತು ಯೋಚಿಸತೊಡಗಿದರು. ಯಾರ ಒಪ್ಪಿಗೆಗೂ ಕಾಯದೆ, ಎಮರ್ಜೆನ್ಸಿಯಿಂದ ಅವಳು ಮಾಡುವ ಒಂದೇ ಫೋನಿಗೆ ಕ್ಯಾಥ್ ಲ್ಯಾಬ್ ತಂಡ ಓಡಿ ಬರಬೇಕು. ಅದು ಅವಳ ಯೋಜನೆ. ಟ್ರಾಲಿ ಎಲ್ಲೆಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನೋಡಲು ಅವನೇ ರೋಗಿಯಾಗಿ ಮಲಗಿದ. ಅವಳು ತಳ್ಳಿಕೊಂಡು ಓಡಿದಳು.

"ನಿಧಾನ ಕಣ್ರೀ! ಹೀಗೆ ತಳ್ಳಿದ್ರೆ ನನಗೇ ಹಾರ್ಟ್ ಅಟ್ಯಾಕ್ ಆಗುತ್ತೆ!"

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಸ್ಪತ್ರೆಯಲ್ಲಿ ಅವಳು ನಕ್ಕದ್ದನ್ನು ಕಂಡ ನರ್ಸ್‌ಗಳು ಒಬ್ಬರನ್ನೊಬ್ಬರು ತಿವಿದುಕೊಂಡರು.

ಮನೆಯಲ್ಲಿ ಚಿಕ್ಕಮ್ಮ ಕೇಳಿಯೇ ಬಿಟ್ಟರು. ಅವಳನ್ನು ಎತ್ತಿ ಆಡಿಸಿ ಬೆಳೆಸಿದ್ದು ಅವರೇ. "ಯಾರೇ ಅವನು? ಬಾಯಿ ತೆಗೆದ್ರೆ 'ಆ ಮೌನಿ ಹೀಗಂದ, ಹಾಗಂದ' ಅಂತೀಯ. ಅಷ್ಟೆಲ್ಲ ಅಂದ್ರೆ ಮೌನಿ ಹೇಗಾಗ್ತಾನೆ?"

"ಹೋಗಿ ಚಿಕ್ಕಮ್ಮ!" ಎಂದು ಅವಳು ಮುಖ ತಿರುಗಿಸಿದ್ದಳು. ಕೆನ್ನೆ ಮಾತ್ರ ಕೆಂಪಗಾಗಿತ್ತು.

ಮೀಟಿಂಗಿನ ದಿನ ಬಂತು. ಸೂಪರಿಂಟೆಂಡೆಂಟರ ಮುಂದೆ ಅವಳು ಎಲ್ಲವನ್ನೂ ವಿವರಿಸಿ, ನಿಮ್ಮ ಸರದಿ ಎಂಬಂತೆ ಅವನತ್ತ ನೋಡಿದಳು.

ಅವನು ಗಂಟಲು ಸರಿಮಾಡಿಕೊಂಡ. "ಸರ್... ಈ ಯೋಜನೆ ಸಾಲದು."

ಅವಳು ಫೈಲನ್ನು ರಪ್ಪನೆ ಮುಚ್ಚಿದಳು.

"ಪೇಷಂಟ್ ಎಮರ್ಜೆನ್ಸಿಗೆ ಬರೋದೇ ಬೇಡ. ಆಂಬುಲೆನ್ಸ್‌ನಲ್ಲೇ ಇಸಿಜಿ ತೆಗೆದು ನನಗೆ ಕಳಿಸ್ಲಿ. ಅವರು ದಾರಿಯಲ್ಲಿರುವಾಗಲೇ ನಾವು ರೆಡಿಯಾಗ್ತೀವಿ. ನೇರ ನಮ್ಮಲ್ಲಿಗೇ ಬರಲಿ."

"ಹಾಗಾದ್ರೆ ನಾನು ಯಾಕೆ ಇರೋದು ಇಲ್ಲಿ?" ಅವಳು ಎದ್ದು ನಿಂತಳು. "ನನ್ನ ವಿಭಾಗ ಅಂದ್ರೆ ದಾರಿಗೆ ಅಡ್ಡ ಬಿದ್ದ ಕಲ್ಲಾ? ಮೊದಲು ನಾವು ನೋಡ್ಬೇಕು. ಅದನ್ನ ನಾನು ಬಿಟ್ಟುಕೊಡಲ್ಲ!"

"ನಾನು ಹೇಳ್ತಿರೋದು ಹಾಗಲ್ಲ..."

"ನೀವಿಬ್ಬರೇ ಒಪ್ಪದಿದ್ದ ಮೇಲೆ ನಾನೇನು ಮಾಡ್ಲಿ? ಮುಂದೆ ನೋಡೋಣ" ಎಂದ ಸೂಪರಿಂಟೆಂಡೆಂಟರು, ತಲೆನೋವು ತಪ್ಪಿತೆಂಬಂತೆ ಎದ್ದು ಹೋದರು.

'ಎಲ್ಲರ ಮುಂದೆ! ನನಗೊಂದು ಮಾತು ಹೇಳದೆ!'

ಅವಳು ಅವನೊಂದಿಗೆ ಮಾತು ಬಿಟ್ಟಳು. ಎದುರು ಬಂದರೆ ಪಕ್ಕದ ಕಾರಿಡಾರು ಹಿಡಿದಳು. ಅತ್ತ ರೋಗಿಗಳು ಬರುತ್ತಲೇ ಇದ್ದರು. ಅದೇ ಆಪರೇಟರ್, ಅದೇ ಆಫೀಸು, ಅದೇ ಕಾಯುವಿಕೆ. ಫೋನ್ ಕಿವಿಗೆ ಹಿಡಿದು ಅವಳು ಹಲ್ಲು ಕಡಿಯುತ್ತಿದ್ದಳು. ಯಾರ ಮೇಲೆ ಸಿಟ್ಟು ಎಂಬುದೇ ಈಗ ಅವಳಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ. ಒಣಗಿದ ಬಟ್ಟೆ ಮಡಚುತ್ತಿದ್ದ ಚಿಕ್ಕಮ್ಮ ಇದ್ದಕ್ಕಿದ್ದಂತೆ ಮಂಚದ ಮೇಲೆ ಕುಸಿದು ಕೂತರು.

"ದವಡೆ ಎಳೀತಿದೆ ಕಣೇ... ಹಲ್ಲು ನೋವಿರಬೇಕು. ಹೊಟ್ಟೆನೂ ತೊಳಸ್ತಿದೆ."

ಅವಳು ಅವರ ಕೈ ಹಿಡಿದಳು. ಮಂಜಿನಂತೆ ತಣ್ಣಗೆ! ಹಣೆಯ ತುಂಬ ಬೆವರು!

ಆಂಬುಲೆನ್ಸ್ ಬಂತು. ಒಳಗಿದ್ದ ನರ್ಸ್ ಇಸಿಜಿ ತೆಗೆದ. ಕಾಗದದ ಮೇಲಿನ ಗೆರೆ ಬೆನ್ನು ಉಬ್ಬಿಸಿ ನಿಂತಿತ್ತು. ಹಾರ್ಟ್ ಅಟ್ಯಾಕ್ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ನೇರ ಕ್ಯಾಥ್ ಲ್ಯಾಬಿಗೆ ಹೋಗೋಣ!"

"ಆಗಲ್ಲ ಮೇಡಂ. ಮೊದಲು ನಿಮ್ಮ ಎಮರ್ಜೆನ್ಸಿಗೇ ಹೋಗ್ಬೇಕಲ್ಲ. ಅಲ್ಲಿ ಮತ್ತೆ ಇಸಿಜಿ, ಡ್ಯೂಟಿ ಡಾಕ್ಟರ್, ಆಮೇಲೆ ಆಫೀಸು... ಇವತ್ತು ಭಾನುವಾರ ಬೇರೆ. ತಂಡದವರೆಲ್ಲ ಮನೇಲಿರ್ತಾರೆ."

'ಬಿಟ್ಟುಕೊಡಲ್ಲ' ಎಂದು ಕೂಗಿದ್ದು ತಾನೇ ಅಲ್ಲವೇ? ಅವನು ಅಂದು ಹೇಳಹೊರಟಿದ್ದು ಇದನ್ನೇ ಅಲ್ಲವೇ?

ಇಸಿಜಿಯ ಫೋಟೋ ಅವನಿಗೆ ಕಳಿಸಿ ಫೋನ್ ಮಾಡಿದಳು. 'ಎತ್ತದಿದ್ದರೆ? ನನ್ನ ಹೆಸರು ನೋಡಿಯೇ ಬಿಟ್ಟುಬಿಟ್ಟರೆ?'

ತಕ್ಷಣ ಎತ್ತಿದ. "ನೋಡ್ತಾ ಇದ್ದೀನಿ. ಯಾರಿದು?"

"ನನ್ನ... ಚಿಕ್ಕಮ್ಮ..."

"ಎಲ್ಲೂ ನಿಲ್ಲಿಸ್ಬೇಡಿ. ನೇರ ಬನ್ನಿ. ಬಾಗಿಲು ತೆಗೆದಿಟ್ಟಿರ್ತೀನಿ."

"ಆಫೀಸಿನವರ ಒಪ್ಪಿಗೆ..."

"ಬೈಸ್ಕೊಳ್ಳೋದು ನನಗೆ ಬಿಡಿ. ನೀವು ಬನ್ನಿ!"

ಆಂಬುಲೆನ್ಸ್ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವನು ಹೊರಗೇ ನಿಂತಿದ್ದ. ಕಾರಿಡಾರಿನ ತುದಿಯಲ್ಲಿ ಬಾಗಿಲು ಪೂರ್ತಿ ತೆರೆದಿತ್ತು. ಅವನು ಮನೆಗಳಿಂದ ಕರೆಸಿದ್ದ ತಂಡ ಏಪ್ರನ್ ತೊಟ್ಟು ಸಿದ್ಧವಾಗಿತ್ತು. ಟ್ರಾಲಿಯ ಮೇಲಿಂದ ಚಿಕ್ಕಮ್ಮ ಅರೆಗಣ್ಣು ತೆರೆದು ಅವನನ್ನು ನೋಡಿದರು.

"ಇವನೇನಾ... ನೀನು ದಿನಾ ಬೈಯೋ ಮೌನಿ? ನೋಡೋಕೆ ಚೆನ್ನಾಗೇ ಇದ್ದಾನಲ್ಲೇ..."

ಅವಳಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಹೊರಗಿನ ಬೆಂಚಿನ ಮೇಲೆ ಅವಳು ಬರೀ ಒಬ್ಬ ಮಗಳಾಗಿ ಕೂತಳು. ಅವನು ಹೊರಬಂದು ಅವಳ ಮುಂದೆ ಮಂಡಿಯೂರಿದ. "ನಾಳ ತೆರೀತು. ಹೃದಯಕ್ಕೆ ಹೆಚ್ಚೇನೂ ಪೆಟ್ಟಾಗಿಲ್ಲ. ಮೊದಲಿನ ಹಾಗೇ ಓಡಾಡ್ತಾರೆ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಸಂತೋಷಕ್ಕೆ, ಜೊತೆಗೆ ಸಂಕಟಕ್ಕೆ. 'ಆ ಡ್ರೈವರಿಗೂ ಇದು ಸಿಗಬೇಕಿತ್ತು...'

ಮರುದಿನ ಸೂಪರಿಂಟೆಂಡೆಂಟರು ಕೆಂಡಾಮಂಡಲವಾಗಿದ್ದರು. "ಯಾರನ್ನ ಕೇಳಿ ನೇರ ಒಳಗೆ ತಗೊಂಡ್ರಿ? ನಿಮ್ಮವರಿಗೊಂದು ರೂಲು, ಉಳಿದವರಿಗೊಂದು ರೂಲಾ?"

ಅವನು ಬಾಯಿ ತೆರೆಯುವ ಮೊದಲೇ ಅವಳು ಮುಂದೆ ಬಂದಳು.

"ನೀವು ಕೇಳೋದು ಸರಿ ಇದೆ ಸರ್. ಅದಕ್ಕೇ ಎಲ್ಲರಿಗೂ ಇದೇ ರೂಲ್ ಮಾಡಿ. ಇವರು ಹೇಳಿದ ಹಾಗೆ, ಆಂಬುಲೆನ್ಸಿನಿಂದ ನೇರ. ಅವತ್ತು ಅಡ್ಡ ಬಂದಿದ್ದು ನಾನೇ."

"ಆಂಬುಲೆನ್ಸಿನವರು ತಪ್ಪಾಗಿ ಕರೆದ್ರೆ?"

"ಕೆಲವು ಸಲ ಹಾಗೂ ಆಗುತ್ತೆ ಸರ್," ಎಂದ ಅವನು. " ಸುಮ್ಮನೆ ಓಡಿ ಬಂದು ವಾಪಸ್ ಹೋಗ್ತೀವಿ. ಅದಕ್ಕೆ ಹೆದರಿ ಬಾಗಿಲು ಹಾಕ್ಕೊಂಡು ಕೂರೋದಾ?"

ಅವರು ಬಹಳ ಹೊತ್ತು ಗೊಣಗಿದರು. ಕೊನೆಗೆ, "ಸ್ವಲ್ಪ ದಿನ ಮಾಡಿ ನೋಡಿ. ಎಡವಟ್ಟಾದ್ರೆ ನಿಮ್ಮಿಬ್ಬರನ್ನೂ ಬಿಡಲ್ಲ" ಎಂದರು.

ಹೊರಗೆ ಬಂದವರು ಮೆಟ್ಟಿಲ ಮೇಲೆ ಕೂತರು.

"ಮೀಟಿಂಗಿಗೆ ಮುಂಚೆ ನನಗೊಂದು ಮಾತು ಹೇಳಬಹುದಿತ್ತಲ್ಲ?" ಅವಳೇ ಕೇಳಿದಳು.

"ಹೇಳಬೇಕಿತ್ತು. ಅದು ನನ್ನದೇ ತಪ್ಪು. ಆಮೇಲೂ ನಿಮ್ಮ ರೂಮಿನ ತನಕ ಬಂದು ಬಂದು ವಾಪಸ್ ಹೋದೆ."

"ಬೈತೀನಿ ಅಂತಾನಾ?"

"ಅಲ್ಲ... ಬೈಯದೆ ಸುಮ್ಮನೆ ಇದ್ದುಬಿಟ್ರೆ ಅಂತ."

ಅವಳ ಕಣ್ಣು ತುಂಬಿಬಂತು. "ಬೇರೆಯವರ ಎದೆ ವಿಷಯಕ್ಕೆ ಅಷ್ಟು ಅವಸರ ಮಾಡ್ತೀರಿ. ನಿಮ್ಮ ಎದೆಯಲ್ಲಿರೋದನ್ನ ಹೇಳೋಕೆ ಮಾತ್ರ ಇಷ್ಟು ತಡಾನಾ?"

"ಈಗ ಹೇಳ್ಲಾ?"

"ಇನ್ನೂ ಕೇಳ್ತಾ ಕೂತಿದ್ದೀರಲ್ಲ!"

"ನನಗೆ ನೀವು ಬೇಕು. ಜಗಳಕ್ಕೂ ನೀವೇ ಬೇಕು, ಜೊತೆಗೂ ನೀವೇ ಬೇಕು."

ಅವಳು ಮೆಲ್ಲಗೆ ಅವನ ಭುಜಕ್ಕೆ ತಲೆ ಆನಿಸಿದಳು. "ನನಗೂ... ಆದ್ರೆ ಜಗಳ ಕಡಿಮೆಯಾಗುತ್ತೆ ಅಂತ ಮಾತ್ರ ಅಂದ್ಕೋಬೇಡಿ."

"ಕಡಿಮೆಯಾದ ದಿನ ನಾನೇ ಓಡಿ ಬಂದು ಕೇಳ್ತೀನಿ," ಅವನು ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ. "ಹುಷಾರಾಗಿದ್ದೀರಾ ಅಂತ."