ಹೆಲ್ಮೆಟ್ಟಿನೊಳಗಿನ ಹೂಂ

“ಅಪ್ಪಾ, ಇವತ್ತಾದ್ರೂ ನನ್ ಸೈಕಲ್ ಸ್ಟ್ಯಾಂಡ್ ಹಾಕ್ತೀಯಾ?”

“ಹೂಂ,” ಎಂದಿತು ವೆಲ್ಡಿಂಗ್ ಹೆಲ್ಮೆಟ್ಟು. ಒಳಗೆ ಅಪ್ಪ ರಾಜಣ್ಣನೂ ಇದ್ದ ಅನ್ನಿ.

ಯೋಗಿತಾ ನಂಬಲಿಲ್ಲ. ಸೋಮವಾರದಿಂದ ಅವಳಿಗೆ ಹೂಂ ಧಾರಾಳವಾಗಿ ಸಿಗುತ್ತಿದೆ, ಸ್ಟ್ಯಾಂಡ್ ಸಿಗುತ್ತಿಲ್ಲ. ಕರೆಂಟ್ ಇರುವಷ್ಟು ಹೊತ್ತು ಅಪ್ಪ ಹೆಲ್ಮೆಟ್ ತೆಗೆಯುವುದಿಲ್ಲ. ಕರೆಂಟ್ ಹೋದರೆ ಯಾರದೋ ತೋಟಕ್ಕೆ ಗೇಟು ಹೊತ್ತು ಹೋಗುತ್ತಾನೆ. ಬರುವಷ್ಟರಲ್ಲಿ ಅವಳಿಗೆ ನಿದ್ದೆ.

ಹೊನ್ನವಳ್ಳಿಯ ಗೇಟು, ಟ್ರೈಲರ್ ಎಲ್ಲ ಅಪ್ಪನ ದಯೆಯಿಂದ ಗಟ್ಟಿಯಾಗಿ ನಿಂತಿವೆ. ಅವನ ಮಗಳ ಸೈಕಲ್ ಮಾತ್ರ ಗೋಡೆ ಸಿಕ್ಕರೆ ನಿಲ್ಲುತ್ತದೆ, ಇಲ್ಲದಿದ್ದರೆ ಮಲಗುತ್ತದೆ. ಇವತ್ತು ಹೆಡ್‌ಮಾಸ್ಟರ ಹೊಸ ಬೈಕಿನ ಮೇಲೆ ಮಲಗಿತು.

“ವೆಲ್ಡರ್ ಮಗಳ ಸೈಕಲ್‌ಗೆ ನಿದ್ದೆ ಬಂದೈತೆ, ಚಾಪೆ ತರ್ರಲಾ!” ಎಂದು ಅವಳ ಕ್ಲಾಸಿನ ಸಿದ್ದಾರ್ಥ್ ಕೂಗಿ, ತನ್ನ ಜೋಕಿಗೆ ತಾನೇ ಮೊದಲು ನಕ್ಕಿದ್ದ. ನಾಳೆಯಿಂದ ಸ್ಟ್ಯಾಂಡ್ ಇಲ್ಲದ ಸೈಕಲ್ ಶಾಲೆಯೊಳಗೆ ಬರಕೂಡದು ಎಂದು ಹೆಡ್‌ಮಾಸ್ಟರು ಪ್ರಾರ್ಥನೆಯಲ್ಲೇ ಸಾರಿದ್ದರು. ಯೋಗಿತಾಗೆ ಅಳು ಬಂದಿತ್ತು.

ಈಗ ಅಂಗಡಿಗೆ ಏಕಾಂತಯ್ಯ ತಾತ ಬಂದರು. ಕೈಯಲ್ಲಿ ತೆಂಗಿನಕಾಯಿ ಸುಲಿಯುವ, ಬುಡ ಮುರಿದ ಕಬ್ಬಿಣದ ಗೂಟ.

“ರಾಜಣ್ಣ, ನಾಳೆ ಕಾಯಿ ಸುಲಿಯೋರು ಬತ್ತಾರೆ. ಇದಕ್ಕೊಂಚೂರು ವೆಲ್ಡಿಂಗ್ ಮುಟ್ಸಪ್ಪ.”

“ಹೂಂ.”

ಅದೇ ಹೂಂ! ಮಗಳಿಗೂ ಅದೇ, ಗೂಟಕ್ಕೂ ಅದೇ! ಯೋಗಿತಾಳ ಮೈಯೆಲ್ಲ ಉರಿಯಿತು. ಮಗಳಿಗಿಂತ ಮುಖ್ಯವಾದದ್ದು ಅದೇನಪ್ಪ ಕಾಣಿಸುತ್ತದೆ ಆ ಹೆಲ್ಮೆಟ್ಟಿನೊಳಗೆ? ಮೊಳೆಗೆ ನೇತುಹಾಕಿದ್ದ, ಕೈಯಲ್ಲಿ ಹಿಡಿಯುವ ಕಪ್ಪು ಗಾಜನ್ನು ತೆಗೆದು ಮುಖಕ್ಕೆ ಅಡ್ಡ ಹಿಡಿದಳು.

ಅಂಗಡಿಯೇ ಮಾಯ. ತೆಂಗಿನ ಮರ, ತಾತ, ಸೈಕಲ್, ಒಂದೂ ಇಲ್ಲ. ಎಲ್ಲ ಕತ್ತಲು. ನಡುವೆ ರಾಗಿ ಕಾಳಿನಷ್ಟು ಹಸಿರು ಬೆಳಕು. ಕಬ್ಬಿಣ ಅಲ್ಲಿ ನೀರಾಗಿ, ಮೆಲ್ಲಗೆ ಮುಂದೆ ಹರಿದು, ಹಿಂದೆ ಗಟ್ಟಿಯಾಗುತ್ತಿತ್ತು. ಎಲ್ಲಿ ಜಾರಿಬಿಡುತ್ತದೋ ಎಂದು ಯೋಗಿತಾ ಉಸಿರು ಬಿಗಿಹಿಡಿದಳು. ಪಕ್ಕದಲ್ಲಿ ಯಾರೋ ಏನೋ ಅಂದರು.

“ಹೂಂ,” ಎಂದಳು.

ಬೆಳಕು ಆರಿತು. ಗಾಜು ಇಳಿಸಿದರೆ ತಾತ ಕಿಸಿಕಿಸಿ ನಗುತ್ತಿದ್ದಾರೆ. “ಮೊದ್ಲು ನನ್ ಗೂಟ, ಆಮೇಲೆ ನಿನ್ ಸೈಕಲ್ಲು ಅಂದೆ. ಹೂಂ ಅಂದ್ಯಲ್ಲವ್ವಾ!”

“ನಾನಾ? ಯಾವಾಗ?”

“ಈಗ್ಲೇ ಕಣವ್ವ!”

ಅಪ್ಪ ಹೊಸ ರಾಡ್ ಹುಡುಕುತ್ತಿದ್ದ. ಅವನು ಹೆಲ್ಮೆಟ್ ಪೂರ್ತಿ ಎತ್ತುವವರೆಗೆ ಯೋಗಿತಾ ಕಾದಳು. ಬೆವರಿದ ಮುಖ ತನ್ನ ಕಡೆ ತಿರುಗಿದ ಮೇಲೆ ಕೇಳಿದಳು.

“ಅಪ್ಪಾ, ನನ್ ಸೈಕಲ್ ಸ್ಟ್ಯಾಂಡು?”

“ಯಾಕಮ್ಮಾ, ಏನಾಗೈತೆ ಅದುಕ್ಕೆ?”

“ಮುರಿದೋಗೈತೆ.”

“ಅಯ್ಯೋ, ಮೊದ್ಲೇ ಹೇಳ್ಬಾರ್ದಾ ಪುಟ್ಟಾ! ತಗೊಂಬಾ ಇಲ್ಲಿ.”

ಸೋಮವಾರದಿಂದ ಕೂಡಿಟ್ಟ ಬೈಗುಳವೆಲ್ಲ ನಾಲಿಗೆ ತುದಿಗೆ ಬಂತು. ಯೋಗಿತಾ ನುಂಗಿಕೊಂಡಳು.

“ಮೊದ್ಲು ತಾತನ ಗೂಟ. ಹೂಂ ಅಂದ್ಬುಟ್ಟೀನಿ,” ಎಂದಳು. “ಆಮೇಲೆ ನಂದು. ನನ್ ಮುಖ ನೋಡ್ಕೊಂಡು ಹೂಂ ಅನ್ನು.”

ಅಪ್ಪ ಅವಳ ಮುಖ ನೋಡಿದ.

“ಹೂಂ.”