ಪ್ರಧಾನಿ ಲಿಂಗರಸರ ನಿದ್ದೆ

ಕನಕಾದ್ರಿಯ ಕೆಂಬಂಡೆಗಳ ಮೇಲೆ ಸೂರ್ಯನ ಮೊದಲ ಕಿರಣಗಳು ಬೀಳುತ್ತಿದ್ದಂತೆ ಮಹಾದ್ವಾರದ ನಗಾರಿ ಮೊಳಗಿತು. ಕೆರೆಯಲ್ಲಿ ಮಿಂದ ಪಟ್ಟದಾನೆಗಳು ನೀರು ಸುರಿಸುತ್ತ ರಾಜಬೀದಿಯನ್ನೇರಿದವು. ಹೂವಾಡಿಗರ ಬುಟ್ಟಿಗಳಿಂದ ಸೇವಂತಿಗೆಯ ಕಂಪು ಹರಡಿತು. ನಗರಕ್ಕೆ ನಗರವೇ ಸುಖನಿದ್ರೆಯಿಂದ ಮೈಮುರಿದೆದ್ದಿತ್ತು. ಎದ್ದೇಳುವ ಅಗತ್ಯವೇ ಇಲ್ಲದಿದ್ದವರು ಒಬ್ಬರೇ: ಮೂವರು ಅರಸರ ಸೇವೆಯಲ್ಲಿ ತಲೆ ನರೆತ ಪ್ರಧಾನಿ ಲಿಂಗರಸರು. ಅವರು ಮಲಗಿದ್ದರೇ ಹೊರತು ನಿದ್ರಿಸಿರಲಿಲ್ಲ.

ಅರವತ್ತು ದಾಟಿದ ಮೇಲೆ ಅಂಟಿಕೊಂಡ ಪೀಡೆಯಿದು. ರಾಜವೈದ್ಯರು ಎಮ್ಮೆಯ ಹಾಲು ಕುಡಿಯಿರೆಂದರು, ಪುರೋಹಿತರು ಜಪ ಮಾಡಿರೆಂದರು, ಬೀಗರು ಪಾದಕ್ಕೆ ಹರಳೆಣ್ಣೆ ತಿಕ್ಕಿಸಿರೆಂದರು. ಎಲ್ಲವನ್ನೂ ಮಾಡಿದ್ದಾಯಿತು. ಕುಡಿದ ಹಾಲು ಅಜೀರ್ಣವಾಯಿತು, ಜಪದ ಲೆಕ್ಕ ತಪ್ಪಿತು, ಎಣ್ಣೆಯ ಕಾಲು ಜಾರಿ ಒಮ್ಮೆ ಬಿದ್ದದ್ದೂ ಆಯಿತು.

"ಕಣ್ಣು ಮುಚ್ಚಿಕೊಂಡು ಸುಮ್ಮನೆ ಮಲಗಿ, ತಾನಾಗಿ ಬರುತ್ತದೆ" ಎಂದರು ಪತ್ನಿ ಚೆನ್ನಾಜಮ್ಮ.

"ಚೆನ್ನಾಜಿ, ದಿಂಬಿಗೆ ತಲೆಯಿಟ್ಟೊಡನೆ ಗೊರಕೆ ಹೊಡೆಯುವ ನೀನು ನನಗೆ ಈ ಉಪದೇಶ ಮಾಡಬೇಡ!" ಎಂದು ಲಿಂಗರಸರು ಸಿಡುಕಿದರು. ಮರುಕ್ಷಣವೇ ತಮ್ಮ ಸಿಡುಕಿಗೆ ತಾವೇ ಬೇಸತ್ತರು.

ಹಾಸಿಗೆಯಲ್ಲಿ ಬಾರದ ನಿದ್ದೆ ಅಂದು ಸಿಂಹಾಸನದೆದುರು ಬಂದಿತು. ನೆರೆರಾಜ್ಯದ ದೂತನು ಮಾತನಾಡುತ್ತಿರುವಾಗಲೇ ಪ್ರಧಾನಿಯ ಪೇಟ ಎದೆಗೆ ಬಾಗಿತು. ಸಭೆಯಲ್ಲಿ ನಗೆ ಹಬ್ಬಿತು. ತರುಣ ಅರಸ ಸೋಮಭೂಪ ಮುಖ ತಿರುಗಿಸಿದ.

ಅರಸನ ಸೋದರಮಾವ ಮಾರರಸನೊಬ್ಬನೇ ನಗಲಿಲ್ಲ. "ಪ್ರಧಾನಿಗಳು ದಣಿದಿದ್ದಾರೆ. ನನ್ನಲ್ಲೊಂದು ಔಷಧವಿದೆ. ಕಾಲೊತ್ತುವುದರಲ್ಲಿ ನಿಪುಣನಾದ ಸೇವಕನೂ ಇದ್ದಾನೆ. ಅವನ ಕೈಯಲ್ಲೇ ಕಳುಹಿಸುವೆ" ಎಂದು ಆದರದಿಂದ ನುಡಿದ.

ಆ ಔಷಧ ಲಿಂಗರಸರನ್ನು ಎಳೆಗೂಸಿನಂತೆ ಮಲಗಿಸಿತು. ಕೆಲವೇ ದಿನಗಳಲ್ಲಿ ಕಣ್ಣಿನ ಉರಿ ಇಳಿಯಿತು, ಅನ್ನ ರುಚಿಸಿತು. ಮಾರರಸನನ್ನು ಅವರು ಮನಸಾರೆ ಹರಸಿದರು. ಹೀಗಿರುವಾಗ ಒಂದು ಮುಂಜಾನೆ, ಕೋಟೆಯ ಉತ್ತರದ ದಿಡ್ಡಿ ಬಾಗಿಲಿನ ಬೀಗದಕೈ ಅವರ ಬೆರಳಿಗೆ ಜಿಗುಟಾಯಿತು. ತಲೆಮಾರುಗಳಿಂದ ಪ್ರಧಾನಿಯ ದಿಂಬಿನಡಿ ಇರುತ್ತಿದ್ದ ಆ ಬೀಗದಕೈಯ ಹಲ್ಲುಗಳ ನಡುವೆ ಜೇನುಮೇಣ ಮೆತ್ತಿಕೊಂಡಿತ್ತು. ಯಾರೋ ಅದರ ಅಚ್ಚು ತೆಗೆದಿದ್ದರು. ತಾವು ಮೈಮರೆತಾಗ ಆ ಕೋಣೆಯಲ್ಲಿರುತ್ತಿದ್ದ ಪರಕೀಯನು ಕಾಲೊತ್ತುವ ಸೇವಕನೊಬ್ಬನೇ.

ಲಿಂಗರಸರು ನೇರವಾಗಿ ಅರಮನೆಗೆ ನಡೆದರು. ಅರಸ ಎಲ್ಲವನ್ನೂ ಕೇಳಿ ನಿಟ್ಟುಸಿರಿಟ್ಟ. "ಪ್ರಧಾನಿಗಳೇ, ತಂದೆಯಿಲ್ಲದ ನನ್ನನ್ನು ಎತ್ತಿ ಆಡಿಸಿದವರು ಮಾವ. ನಿದ್ದೆಗೆಟ್ಟವರಿಗೆ ಇಲ್ಲದ್ದೆಲ್ಲ ಕಾಣಿಸುತ್ತದೆ. ತಾವು ಇನ್ನು ವಿಶ್ರಾಂತಿ ತೆಗೆದುಕೊಳ್ಳಿ."

"ವಿಶ್ರಾಂತಿಯೇ, ಪ್ರಭು?" ಎಂದರು ಲಿಂಗರಸರು. "ಅದು ಸಿಗುವ ಹಾಗಿದ್ದರೆ ಇಷ್ಟು ಮಾತೇ ಬೇಕಿರಲಿಲ್ಲ!"

ಆ ಸಂಜೆಯಿಂದ ಅವರು ಔಷಧವನ್ನು ಕುಡಿಯುವಂತೆ ನಟಿಸಿ ತಾಳೆಗರಿಯ ಚಾಪೆಯ ಮರೆಯ ಪಾತ್ರೆಗೆ ಚೆಲ್ಲಿದರು. ಚೆಲ್ಲುವಾಗ ಕೈ ತಡೆಯಿತೆಂಬುದು ಸುಳ್ಳಲ್ಲ. ಒಂದೇ ಗುಟುಕಿನ ದೂರದಲ್ಲಿತ್ತು ಆ ಸುಖ. ನಂಬಿಕೆಯ ಕಮ್ಮಾರನಿಂದ ದಿಡ್ಡಿ ಬಾಗಿಲಿಗೆ ಬೇರೊಂದು ಬೀಗ ಹಾಕಿಸಿದರು. ಹಳೆಯ ಬೀಗದಕೈಯನ್ನು ದಿಂಬಿನಡಿಯೇ ಬಿಟ್ಟರು. ಹಳೆಯ ದಳಪತಿಯೊಬ್ಬನನ್ನು ಕರೆದು ಅವನ ಆಳುಗಳೊಡನೆ ಬಾಗಿಲಿನ ಒಳಬದಿಯಲ್ಲಿ ಮರೆಯಾಗಿ ಕಾವಲಿರಿಸಿದರು. ಉಳಿದದ್ದು ಕಾಯುವ ಕೆಲಸ. ಅದರಲ್ಲಿ ಅವರಿಗೆ ಸಾಟಿಯಿರಲಿಲ್ಲ.

ಅಮಾವಾಸ್ಯೆಯಂದು ಮಾರರಸನು ಶತ್ರುಸೈನಿಕರನ್ನು ಒಳಬಿಡಲು ತಾನೇ ಬಂದ. ಅವನ ಬೀಗದಕೈ ತಿರುಗಲಿಲ್ಲ. ತಿರುಚಿದ, ಶಪಿಸಿದ, ಗುದ್ದಿದ. ಅಷ್ಟರಲ್ಲಿ ಪಂಜುಗಳು ಹೊತ್ತಿಕೊಂಡವು; ಕಾವಲಿನವರು ಅವನನ್ನು ಹಿಡಿದರು. ಬಾಗಿಲಾಚೆ ಹೊಂಚಿದ್ದವರು ಕತ್ತಲಲ್ಲಿ ಚದುರಿ ಓಡಿದರು.

ಮರುದಿನ ತುಂಬಿದ ಸಭೆಯಲ್ಲಿ ಅರಸ ಸಿಂಹಾಸನದಿಂದಿಳಿದು ಲಿಂಗರಸರ ಕೈ ಹಿಡಿದ. ನಕ್ಕವರು ತಲೆ ತಗ್ಗಿಸಿದರು. ರತ್ನಹಾರ ಹಾಕುವಾಗ ಪ್ರಧಾನಿಗಳಿಗೆ ಆಕಳಿಕೆ ಬಂದಿತು. ಈ ಬಾರಿ ಯಾರೂ ನಗಲಿಲ್ಲ.

ಆದರೆ ಹಾರ ಧರಿಸಿದವರ ಹಾಸಿಗೆ ಮೊದಲಿನಂತೆಯೇ ಇತ್ತು. ನಾಲ್ಕಾರು ದಿನಗಳ ಬಳಿಕ ಲಿಂಗರಸರು ಮಗ್ಗುಲು ಬದಲಿಸಿ ಸೋತು ಹಜಾರಕ್ಕೆ ಬಂದಾಗ, ಅಂಗರಕ್ಷಕರಿಲ್ಲದೆ ಅರಸನೇ ಮೆಟ್ಟಿಲೇರಿ ಬಂದ. ಅವನ ಕಣ್ಣುಗಳು ಕೆಂಪಾಗಿದ್ದವು.

"ನಿದ್ದೆ ಬರುತ್ತಿಲ್ಲ, ಪ್ರಧಾನಿಗಳೇ. ಕಣ್ಣು ಮುಚ್ಚಿದರೆ ಮಾವನ ಮುಖ ಎದುರಿಗೆ ಬರುತ್ತದೆ. ತಾವು ಇಷ್ಟು ವರ್ಷ ಹೇಗೆ ತಾಳಿದಿರಿ?"

"ತಾಳಿದವನು ನಾನಲ್ಲ, ಪ್ರಭು. ನನ್ನ ಸಿಡುಕನ್ನು ತಾಳಿದವಳು ಒಳಗೆ ಮಲಗಿದ್ದಾಳೆ. ಬನ್ನಿ, ಕುಳಿತುಕೊಳ್ಳಿ."

ಅರಸ ಕಂಬಕ್ಕೊರಗಿ ಬಾಲ್ಯದ ಮಾತಾಡಿದ; ಮಾವ ಕಲಿಸಿದ ಕುದುರೆ ಸವಾರಿಯನ್ನು ನೆನೆದ; ಮೆಲ್ಲನೆ ಅತ್ತ. ಅಳುತ್ತಲೇ ಅವನ ಮಾತು ತೊದಲಿತು, ತಲೆ ವಾಲಿತು. ಉಸಿರು ನಿಡಿದಾಯಿತು.

ಲಿಂಗರಸರು ಕಣ್ಣು ಕಿರಿದುಗೊಳಿಸಿ ನೋಡಿದರು. "ಇಷ್ಟು ಬೇಗನೆ!" ಎಂದು ಹೊಟ್ಟೆಕಿಚ್ಚಿನಿಂದ ಗೊಣಗಿದರು. ಆಮೇಲೆ ತಮ್ಮ ಶಾಲನ್ನು ತೆಗೆದು ಆ ತರುಣನ ಹೆಗಲಿಗೆ ಹೊದಿಸಿ, ಬೆಳಗಾಗುವವರೆಗೂ ಅವನ ಪಕ್ಕದಲ್ಲೇ ಎಚ್ಚರವಾಗಿ ಕುಳಿತರು.